ನೂರಾರು ಕಿಲೋಮೀಟರ್ ಆಳದ ಮೀಥೇನನ್ನು ನಾಳಿನ ಇಂಧನವೆಂದು ನಂಬಬಹುದೇ?

ಪ್ರಶ್ನೆ: ಪಿಯು ಮೇಷ್ಟ್ರು

ದಾವಣಗೆರೆ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕಳೆದ ವಾರ ಹೈಡ್ರೊಕಾರ್ಬನ್ನುಗಳ ಪಾಠ ಮುಗಿಸಿ, ಕಲ್ಲಿದ್ದಲು, ತೈಲ, ಅನಿಲ ಇವೆಲ್ಲ ಒಂದಲ್ಲ ಒಂದು ದಿನ ತೀರಿಹೋಗುವ ಸಂಪತ್ತು ಎಂದು ಹೇಳುತ್ತಿದ್ದಾಗ ಎರಡನೇ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಮೀಥೇನ್ ಮುಗಿಯೋದೇ ಇಲ್ವಂತೆ, ಭೂಮಿ ಒಳಗೆ ಕಲ್ಲು-ನೀರಿನಿಂದಲೇ ತಯಾರಾಗ್ತಾ ಇರುತ್ತಂತೆ" ಎಂದಳು. ಅವಳು ಮೊಬೈಲಿನಲ್ಲಿ ನೋಡಿದ ವಿಡಿಯೊವನ್ನು ನಾನೂ ಸಂಜೆ ನೋಡಿದೆ. ಅದರ ಅರ್ಧಭಾಗ ಬರೀ ಅಬ್ಬರವಾದರೂ, ಅದು ಆಧಾರವಾಗಿ ತೋರಿಸಿದ ಪ್ರಯೋಗ ನಿಜವಾದದ್ದು. 2004ರಲ್ಲಿ ಹೆನ್ರಿ ಸ್ಕಾಟ್, ನೊಬೆಲ್ ಪುರಸ್ಕೃತ ಡಡ್ಲಿ ಹರ್ಷ್‌ಬಾಕ್ ಮುಂತಾದವರ ತಂಡ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ), ಕಬ್ಬಿಣದ ಆಕ್ಸೈಡ್ ಮತ್ತು ನೀರನ್ನು ಎರಡು ವಜ್ರಗಳ ನಡುವೆ ಅದುಮಿ, ಕಾಯಿಸಿ, ಮೀಥೇನ್ ಹುಟ್ಟುವುದನ್ನು ಕಂಡಿತ್ತು.

ಮರುದಿನ ತರಗತಿಯಲ್ಲಿ ಆ ಕ್ರಿಯೆಯ ಸಮೀಕರಣವನ್ನು ಬೋರ್ಡಿನ ಮೇಲೆ ಸರಿದೂಗಿಸಿದೆವು. ಒಂದು ಅಣು ಕ್ಯಾಲ್ಸೈಟ್, ಎರಡು ಅಣು ನೀರು, ಹನ್ನೆರಡು ಅಣು ಫೆರಸ್ ಆಕ್ಸೈಡ್ ಸೇರಿದರೆ ಒಂದು ಮೀಥೇನ್, ನಾಲ್ಕು ಮ್ಯಾಗ್ನಟೈಟ್ (ಆಮ್ಲಜನಕ ಹೆಚ್ಚಿರುವ ಕಬ್ಬಿಣದ ಆಕ್ಸೈಡ್), ಒಂದು ಸುಣ್ಣ. ತೂಕದ ಲೆಕ್ಕ ಹಾಕಿದಾಗ ಒಂದು ಕಿಲೋ ಮೀಥೇನಿಗೆ ಸುಮಾರು 54 ಕಿಲೋ ಫೆರಸ್ ಆಕ್ಸೈಡ್ ಬೇಕೆಂದು ಬಂತು. ಲೆಕ್ಕವೇನೋ ಸರಿಹೋಯಿತು, ಆದರೆ ಇದರಿಂದ ಇಂಧನ ಸಿಗುತ್ತದೆಯೇ ಎಂಬುದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನನಗೇಕೋ ಅನುಮಾನ, ಆದರೆ ಅನುಮಾನವನ್ನೇ ಉತ್ತರವೆಂದು ಮಕ್ಕಳಿಗೆ ಕೊಡುವಂತಿಲ್ಲ. ಭೂವಿಜ್ಞಾನ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಶಿಲಾಪರೀಕ್ಷಕ

ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಆದರೆ ಅದನ್ನು ಕಬ್ಬಿಣದ ಲೆಕ್ಕದ ಮೇಲೆ ನಿಲ್ಲಿಸಬೇಡಿ. ಭೂಮಿಯ ಮ್ಯಾಂಟಲಿನಲ್ಲಿ, ಅಂದರೆ ಹೊರಚಿಪ್ಪಿನ ಕೆಳಗಿರುವ ದಪ್ಪ ಶಿಲಾಪದರದಲ್ಲಿ, ಕಬ್ಬಿಣಕ್ಕೆ ಬರವಿಲ್ಲ. 54 ಕಿಲೋ ಅಲ್ಲ, 540 ಕಿಲೋ ಬೇಕೆಂದರೂ ಸಿಕ್ಕೀತು. ತೊಡಕಿರುವುದು ಆ ಕಬ್ಬಿಣ ಯಾವ ರೂಪದಲ್ಲಿದೆ ಎಂಬುದರಲ್ಲಿ. ಪ್ರಯೋಗದಲ್ಲಿ ಬಳಸಿದ್ದು ಶುದ್ಧ ಫೆರಸ್ ಆಕ್ಸೈಡ್, ಅಂದರೆ ಸಿಕ್ಕಿದ ಆಮ್ಲಜನಕವನ್ನೆಲ್ಲ ಕಸಿದುಕೊಳ್ಳಲು ಕಾದು ಕುಳಿತ ವಸ್ತು. ಮೇಲಿನ ಮ್ಯಾಂಟಲಿನ ಕಬ್ಬಿಣವಾದರೋ ಹೆಚ್ಚಾಗಿ ಆಲಿವೀನ್‌ನಂತಹ ಸಿಲಿಕೇಟ್ ಖನಿಜಗಳೊಳಗೆ ಕಟ್ಟುಬಿದ್ದಿರುತ್ತದೆ, ಅಷ್ಟು ಹಸಿದಿರುವುದಿಲ್ಲ. ಮ್ಯಾಂಟಲಿನಿಂದ ಬರುವ ಲಾವಾ ತನ್ನೊಡನೆ ಹೊತ್ತು ತರುವ ಅನಿಲವನ್ನು ಗಮನಿಸಿ: ನೀರಾವಿ, ಕಾರ್ಬನ್ ಡೈಆಕ್ಸೈಡ್, ಗಂಧಕದ ಅನಿಲಗಳು. ಅಲ್ಲಿ ಮೀಥೇನಿನ ಪಾಲು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಇನ್ನೊಂದು ಮಾತನ್ನು ಆ ವಿಡಿಯೊ ಹೇಳಿರಲಾರದು. ಪ್ರಯೋಗದಲ್ಲಿ ಮೀಥೇನ್ ಚೆನ್ನಾಗಿ ಹುಟ್ಟಿದ್ದು 500 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ, 70 ಸಾವಿರ ವಾಯುಭಾರಕ್ಕಿಂತ ಕಡಿಮೆ ಒತ್ತಡದಲ್ಲಿ. ಉಷ್ಣತೆಯನ್ನು 1500 ಡಿಗ್ರಿಯತ್ತ ಏರಿಸಿದಾಗ ಇಳುವರಿ ಕುಸಿಯಿತು. ಆದರೆ ಅಷ್ಟು ಒತ್ತಡವಿರುವ ಆಳಕ್ಕೆ, ಅಂದರೆ 150 ಕಿಲೋಮೀಟರಿನಾಚೆಗೆ ಇಳಿದರೆ, ಭೂಮಿಯ ನಿಜವಾದ ಬಿಸಿ ಸಾಮಾನ್ಯವಾಗಿ ಸಾವಿರ ಡಿಗ್ರಿಗಿಂತ ಹೆಚ್ಚು.

ಇದೆಲ್ಲ ಹುಟ್ಟಿನ ಮಾತಾಯಿತು. ಇಂಧನವಾಗಬೇಕಾದರೆ ಹುಟ್ಟಿದ್ದು ಒಂದೆಡೆ ಕೂಡಿರಬೇಕು. ಹನಿಗೂಡಿದರೆ ಹಳ್ಳ ಎನ್ನುತ್ತೇವೆ, ಆದರೆ ಹನಿಗೂಡಲು ಮೊದಲು ತಗ್ಗು ಬೇಕು. ಅನಿಲ ನಿಕ್ಷೇಪವೆಂದರೆ ಮೂರು ಸಂಗತಿಗಳು ಒಟ್ಟಿಗೆ ಒದಗಿಬಂದ ಜಾಗ: ರಂಧ್ರಗಳುಳ್ಳ ಕಲ್ಲು, ಅದರ ಮೇಲೆ ಮುಚ್ಚಳದಂತೆ ಕೂತ ಬಿಗಿಯಾದ ಕಲ್ಲು, ಮತ್ತು ಅನಿಲ ಪಕ್ಕಕ್ಕೆ ಜಾರಿಹೋಗದಂತೆ ತಡೆಯುವ ಒಂದು ಆಕಾರ. ನೂರು ಕಿಲೋಮೀಟರ್ ಆಳದಲ್ಲಿ ಕಲ್ಲು ಕಾದ ಅರಗಿನಂತೆ ನಿಧಾನವಾಗಿ ಹರಿಯುವ ವಸ್ತು. ಅಲ್ಲಿ ರಂಧ್ರವೆಂಬುದು ಉಳಿಯುವುದಿಲ್ಲ.

ಈ ವಿಚಾರವನ್ನು ಕಾಗದದ ಮೇಲಷ್ಟೇ ಅಲ್ಲ, ನೆಲದಲ್ಲಿಯೂ ಪರೀಕ್ಷಿಸಿದ್ದಾರೆ ಎಂಬುದನ್ನು ನಿಮ್ಮ ವಿದ್ಯಾರ್ಥಿನಿಗೆ ಹೇಳಿ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಖಭೌತ ವಿಜ್ಞಾನಿ ಥಾಮಸ್ ಗೋಲ್ಡ್ ಈ ವಾದದ ಬಹು ದೊಡ್ಡ ವಕೀಲ. ಭೂಮಿ ಹುಟ್ಟುವಾಗಲೇ ಒಳಗೆ ಸೇರಿಕೊಂಡ ಮೀಥೇನ್ ಇಂದಿಗೂ ಮೇಲಕ್ಕೆ ಜಿನುಗುತ್ತಿದೆ, ಆದ್ದರಿಂದ ಹಳೆಯ ಜೀವರಾಶಿ ಕೊಳೆತ ಜಲಜ ಶಿಲೆಗಳನ್ನೇ ಹುಡುಕಬೇಕಾಗಿಲ್ಲ, ಗ್ರಾನೈಟಿನಲ್ಲಿಯೂ ಅನಿಲ ಸಿಗಬೇಕು ಎಂಬುದು ಆತನ ಎಣಿಕೆ. ಸ್ವೀಡನ್ನಿನ ಡಾಲಾರ್ನ ಪ್ರಾಂತ್ಯದಲ್ಲಿ ಸಿಲ್ಯಾನ್ ಎಂಬ ಸರೋವರವಿದೆ. ಸುಮಾರು 38 ಕೋಟಿ ವರ್ಷಗಳ ಹಿಂದೆ ಅಲ್ಲಿಗೆ ಅಪ್ಪಳಿಸಿದ ಆಕಾಶಕಾಯವೊಂದು ಐವತ್ತು ಕಿಲೋಮೀಟರಿಗೂ ಅಗಲವಾದ ಕುಳಿಯನ್ನು ಮಾಡಿತ್ತು, ಒಳಗಿನ ಗ್ರಾನೈಟು ಒಡೆದು ಬಿರುಕುಬಿಟ್ಟಿತ್ತು. ಆಳದ ಅನಿಲ ಮೇಲೇರಲು ಇದಕ್ಕಿಂತ ಒಳ್ಳೆಯ ದಾರಿ ಇರಲಾರದೆಂದು ಗೋಲ್ಡ್ ಆ ಜಾಗವನ್ನು ಸೂಚಿಸಿದರು. 1986ರಲ್ಲಿ ಗ್ರಾವ್‌ಬರ್ಗ್-1 ಎಂಬ ಬಾವಿಯ ಕೆಲಸ ಆರಂಭವಾಯಿತು. ಸುಮಾರು 6,800 ಮೀಟರ್ ಇಳಿದ ಮೇಲೆ, ಸುಮಾರು ನಾಲ್ಕು ಕೋಟಿ ಡಾಲರ್ ಕರಗಿದ ಮೇಲೆ, ಕೊರೆತದ ತೊಂದರೆಗಳಿಂದ ಅದು ನಿಂತಿತು. ಮಾರುವಷ್ಟು ಅನಿಲ ಸಿಗಲಿಲ್ಲ. ಸಿಕ್ಕಿದ್ದು ಮ್ಯಾಗ್ನಟೈಟಿನ ಸಣ್ಣ ಹರಳುಗಳಿದ್ದ ಎಣ್ಣೆಯುಕ್ತ ಕಪ್ಪು ಕೆಸರು. ಅದು ಆಳದಿಂದ ಬಂದ ಎಣ್ಣೆಯೆಂದು ಗೋಲ್ಡ್ ಕೊನೆಯವರೆಗೂ ವಾದಿಸಿದರು. ಪರೀಕ್ಷಿಸಿದ ಇತರರು, ಕೊರೆಯುವಾಗ ಬಾವಿಗೆ ತಾವೇ ಸುರಿದ ಡೀಸೆಲ್ ಮಿಶ್ರಿತ ದ್ರವದ ಉಳಿಕೆ ಅದು ಎಂದರು. 1991-92ರಲ್ಲಿ ಕೆಲವು ಮೈಲಿ ದೂರದಲ್ಲಿ ಸ್ಟೆನ್‌ಬರ್ಗ್-1 ಎಂಬ ಎರಡನೆಯ ಬಾವಿ 6,500 ಮೀಟರ್ ಇಳಿಯಿತು. ಅದರ ಕಥೆಯೂ ಹೆಚ್ಚು ಬೇರೆಯಲ್ಲ.

ಸಿಲ್ಯಾನಿನಲ್ಲಿ ಮೀಥೇನ್ ಇಲ್ಲವೇ ಇಲ್ಲ ಎಂದು ತಿಳಿಯಬಾರದು, ಇದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಕುಳಿಯ ಬಿರುಕುಗಳಲ್ಲಿ ಬೆಳೆದ ಕ್ಯಾಲ್ಸೈಟ್ ಹರಳುಗಳನ್ನು ಪರೀಕ್ಷಿಸಿ, ಅಲ್ಲಿನ ಮೀಥೇನಿನ ದೊಡ್ಡ ಪಾಲು ಸೂಕ್ಷ್ಮಜೀವಿಗಳ ಕೆಲಸವೆಂದು ತೋರಿಸಿತು. ಸುತ್ತಲಿನ ಹಳೆಯ ಶೇಲ್ (ಕೆಸರು ಗಟ್ಟಿಯಾದ ಜಲಜ ಶಿಲೆ) ಪದರಗಳಿಂದ ಜಿನುಗಿದ ಎಣ್ಣೆಯನ್ನು ತಿಂದು ಬದುಕಿದ ಜೀವಿಗಳು ಅವು. ಎಂದರೆ ಆ ಅನಿಲದ ಮೂಲ ಮತ್ತೆ ಜಲಜ ಶಿಲೆಯೇ, ಜೀವರಾಶಿಯೇ.

ಉತ್ತರ 2: ರಿಗ್ಗಿನವನು

ಇಪ್ಪತ್ತೆರಡು ವರ್ಷ ತೈಲಬಾವಿಯ ರಿಗ್ಗುಗಳ ಮೇಲೆ, ಕಾವೇರಿ ಕಣಿವೆಯಲ್ಲಿಯೂ ಅಸ್ಸಾಮಿನಲ್ಲಿಯೂ ದುಡಿದವನಾಗಿ ಒಂದೆರಡು ಮಾತು ಸೇರಿಸುತ್ತೇನೆ. 6,800 ಮೀಟರ್ ಎಂದು ಓದಲು ಒಂದು ಕ್ಷಣ ಸಾಕು. ಗ್ರಾನೈಟಿನಲ್ಲಿ ಬಿಟ್ಟಿನ, ಅಂದರೆ ಪೈಪಿನ ತುದಿಯಲ್ಲಿ ಕಲ್ಲು ಕೊರೆಯುವ ಮೂತಿಯ, ಹಲ್ಲು ಬೇಗ ಸವೆಯುತ್ತದೆ. ಸವೆದ ಬಿಟ್ಟನ್ನು ಬದಲಿಸಬೇಕೆಂದರೆ ಕೆಳಗಿರುವ ಪೈಪನ್ನೆಲ್ಲ ಮೇಲಕ್ಕೆ ಎಳೆಯಬೇಕು. ಮೂರು ಪೈಪುಗಳನ್ನು ಬಿಚ್ಚದೆ ಒಟ್ಟಿಗೆ ನಿಲ್ಲಿಸುವುದಕ್ಕೆ ನಾವು ಸ್ಟ್ಯಾಂಡ್ ಎನ್ನುತ್ತೇವೆ. ಒಂದೊಂದು ಸುಮಾರು 28 ಮೀಟರ್ ಉದ್ದ. ಆ ಆಳಕ್ಕೆ ಇನ್ನೂರ ನಲವತ್ತಕ್ಕೂ ಹೆಚ್ಚು ಸ್ಟ್ಯಾಂಡ್‌ಗಳಾಗುತ್ತವೆ. ಒಂದೊಂದಕ್ಕೆ ನಾಲ್ಕು ನಿಮಿಷವೆಂದರೂ ಎಳೆಯಲು ಹದಿನಾರು ಗಂಟೆ, ಹೊಸ ಬಿಟ್ಟು ಕಟ್ಟಿ ಮತ್ತೆ ಇಳಿಸಲು ಅಷ್ಟೇ. ಈ ಒಂದೂವರೆ ದಿನದಲ್ಲಿ ಬಾವಿ ಒಂದಂಗುಲವೂ ಇಳಿದಿರುವುದಿಲ್ಲ, ಆದರೆ ರಿಗ್ಗಿನ ಬಾಡಿಗೆ, ಡೀಸೆಲ್, ನಲವತ್ತು-ಐವತ್ತು ಜನರ ಊಟ ಮತ್ತು ಕೂಲಿ ಎಲ್ಲ ನಡೆಯುತ್ತಲೇ ಇರುತ್ತದೆ. ಆಳ ಇಮ್ಮಡಿಯಾದರೆ ಖರ್ಚು ಇಮ್ಮಡಿಯಾಗಿ ನಿಲ್ಲುವುದಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಮನುಷ್ಯ ನೆಲದಲ್ಲಿ ತೀರ ಆಳಕ್ಕೆ ಕೊರೆದ ರಂಧ್ರಗಳಲ್ಲಿ ಹೆಸರುವಾಸಿಯಾದದ್ದು ರಷ್ಯಾದ ಕೋಲಾ ಪರ್ಯಾಯ ದ್ವೀಪದ್ದು. 1970ರಲ್ಲಿ ಆರಂಭವಾಗಿ 1989ರ ಹೊತ್ತಿಗೆ 12,262 ಮೀಟರ್ ತಲುಪಿತ್ತು. ತಳದಲ್ಲಿ ನೂರು ಡಿಗ್ರಿ ಇರಬಹುದೆಂದು ಎಣಿಸಿದ್ದ ಬಿಸಿ 180 ಡಿಗ್ರಿಯಾಗಿತ್ತು, ಅದಕ್ಕಿಂತ ಕೆಳಗೆ ಹೋಗಲಾಗಲಿಲ್ಲ. ಹತ್ತೊಂಬತ್ತು ವರ್ಷ ಕೊರೆದು ಸಾಧಿಸಿದ್ದು ಈ ಚರ್ಚೆಯ 150 ಕಿಲೋಮೀಟರಿನ ಹನ್ನೆರಡನೇ ಒಂದು ಪಾಲು. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳದಲ್ಲಿತ್ತು. ಅಲ್ಲಿ ಕಲ್ಲಿನ ಬಿಸಿ 65 ಡಿಗ್ರಿ ದಾಟಿತ್ತು. ತಣ್ಣಗಿನ ಗಾಳಿ ಇಳಿಸದೆ ಮನುಷ್ಯ ನಿಲ್ಲುವಂತಿರಲಿಲ್ಲ. ನನ್ನ ಸೋದರಮಾವ ಅಲ್ಲಿ ಕೆಲಸಕ್ಕಿದ್ದರು. ಮನೆಗೆ ಬಂದಾಗ ಅಂಗಿ ಕಳಚಿದರೆ ಬೆನ್ನ ಮೇಲೆ ಬೆವರಿನ ಉಪ್ಪು ಬಿಳಿ ಗೆರೆಗಳಾಗಿ ಕಾಣುತ್ತಿತ್ತು.

ಇನ್ನೊಂದು ಮಾತು ಸ್ವಲ್ಪ ಆಚೆಯದು ಅನ್ನಿಸಬಹುದು. ಕೋಲಾರದ ಕಡೆ ಬೋರ್‌ವೆಲ್ ಕೊರೆಸುವಾಗ ಸಾವಿರ ಅಡಿಗೂ ಬರೀ ದೂಳೇ ಹಾರುತ್ತಿದ್ದರೆ, ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವನು "ಇನ್ನೊಂದು ನೂರಡಿ ಇಳಿಸಿ, ಸಿಕ್ಕೇ ಸಿಗ್ತದೆ" ಎನ್ನುತ್ತಾನೆ. ಅವನ ಮಾತು ಎಂದಿಗೂ ಸುಳ್ಳಾಗುವುದಿಲ್ಲ, ಏಕೆಂದರೆ ಇನ್ನೊಂದು ನೂರಡಿ ಎಂಬುದು ಯಾವಾಗಲೂ ಕೆಳಗೆ ಬಾಕಿ ಇದ್ದೇ ಇರುತ್ತದೆ. ಸಿಲ್ಯಾನಿನ ಕಥೆ ಓದಿದಾಗ ನನಗೆ ನೆನಪಾದದ್ದು ಅದೇ.

ಉತ್ತರ 3: ಬೇರೆ ಮಗ್ಗುಲು

ಚರ್ಚೆ ಒಂದೇ ಕಡೆಗೆ ವಾಲುತ್ತಿರುವುದರಿಂದ ಇನ್ನೊಂದು ಮಗ್ಗುಲಿನಿಂದ ಕೆಲವು ಮಾತು. ಗೋಲ್ಡ್ ಅವರನ್ನು ತೆಂಗಿನಕಾಯಿ ಹಿಡಿದವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಆಕಾಶದಿಂದ ಕ್ರಮಬದ್ಧವಾಗಿ ರೇಡಿಯೊ ಮಿಡಿತ ಕಳಿಸುವ ಪಲ್ಸಾರ್‌ಗಳು ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರಗಳೆಂದು 1968ರಲ್ಲಿ ಹೇಳಿದವರು ಅವರೇ, ಅದು ನಿಜವಾಯಿತು. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ ಸೂಕ್ಷ್ಮಜೀವಿಗಳ ಒಂದು ಲೋಕವೇ ಇದೆಯೆಂದು 1992ರಲ್ಲಿ ಅವರು ಬರೆದಾಗ ಹುಬ್ಬೇರಿಸಿದವರು ಬಹಳ ಜನ, ಇಂದು ಅದು ಒಪ್ಪಿತವಾದ ಸಂಗತಿ.

ಜೀವಿಗಳ ಸಹಾಯವಿಲ್ಲದೆ ಮೀಥೇನ್ ಹುಟ್ಟುವುದು ಕೇವಲ ವಜ್ರಗಳ ನಡುವಿನ ಮಾತೂ ಅಲ್ಲ. ಟರ್ಕಿಯ ಅಂಟಾಲ್ಯ ಪ್ರಾಂತ್ಯದ ಯಾನಾರ್ತಾಶ್ ಬೆಟ್ಟದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕಲ್ಲಿನ ಸಂದುಗಳಲ್ಲಿ ಬೆಂಕಿ ಉರಿಯುತ್ತಿದೆ, ಅಲ್ಲಿನ ಅನಿಲದ ದೊಡ್ಡ ಪಾಲು ನೀರು ಮತ್ತು ಕಲ್ಲಿನ ಕ್ರಿಯೆಯಿಂದ ಹುಟ್ಟಿದ್ದೆಂದು ವಿಜ್ಞಾನಿಗಳೇ ಹೇಳುತ್ತಾರೆ. ವಿಯೆಟ್ನಾಮಿನ ಕಡಲಲ್ಲಿರುವ ಬಾಕ್ ಹೋ ತೈಲಕ್ಷೇತ್ರದಲ್ಲಿ 1988ರಲ್ಲಿ ಗ್ರಾನೈಟಿನೊಳಗೇ ದೊಡ್ಡ ಪ್ರಮಾಣದ ತೈಲ ಸಿಕ್ಕಿತು. ಮೆಕ್ಸಿಕೊ ಕೊಲ್ಲಿಯ ಯೂಜೀನ್ ಐಲ್ಯಾಂಡ್ ಕ್ಷೇತ್ರದಲ್ಲಿ ಇಳಿಯುತ್ತಿದ್ದ ಉತ್ಪಾದನೆ ಮತ್ತೆ ಏರಿತು. ಗ್ರಾನೈಟಿನಲ್ಲಿ ಏನೂ ಇರಬಾರದು, ಖಾಲಿಯಾದ ಬಾವಿ ತುಂಬಬಾರದು ಎಂದರೆ ಇವನ್ನೆಲ್ಲ ಹೇಗೆ ವಿವರಿಸುತ್ತೀರಿ? ಇನ್ನು ನೂರೈವತ್ತು ಕಿಲೋಮೀಟರ್ ಕೊರೆಯಬೇಕೆಂದು ಯಾರೂ ಹೇಳಿಲ್ಲ. ಅನಿಲ ತಾನಾಗಿ ಮೇಲೆ ಬರುತ್ತದೆ ಎಂಬುದೇ ವಾದ.

ಉತ್ತರ 4: ಶಿಲಾಪರೀಕ್ಷಕ

ಗೋಲ್ಡ್ ಪ್ರತಿಭಾವಂತರೆಂಬುದರಲ್ಲಿ ನನಗೂ ಎರಡು ಮಾತಿಲ್ಲ. ಅಷ್ಟಕ್ಕೂ ಅವರನ್ನು ನಾನು ಮೆಚ್ಚುವುದು, ಎಲ್ಲಿ ಕೊರೆದರೆ ತನ್ನ ಮಾತು ನಿಜವೋ ಸುಳ್ಳೋ ತಿಳಿಯುತ್ತದೆಂದು ಜಾಗ ತೋರಿಸಿದ್ದಕ್ಕೆ. ಉತ್ತರ ಅವರಿಗೆ ಹಿಡಿಸಲಿಲ್ಲ, ಅಷ್ಟೇ.

ಬಾಕ್ ಹೋ ಬಗ್ಗೆ. ಕೋಲಾರದ ಬಂಡೆಯ ಬಿರುಕಿನಲ್ಲಿ ನೀರು ಸಿಕ್ಕಿದರೆ ಬಂಡೆಯೇ ನೀರನ್ನು ಹೆತ್ತಿತೆಂದು ನಾವು ಹೇಳುವುದಿಲ್ಲ. ಎಲ್ಲೋ ಬಿದ್ದ ಮಳೆ ಬಿರುಕಿಗೆ ಇಳಿಯಿತೆನ್ನುತ್ತೇವೆ. ಅಲ್ಲಿಯೂ ಹಾಗೆಯೇ. ಆ ಗ್ರಾನೈಟು ನೆಲದಡಿಯ ಒಂದು ಗುಡ್ಡ. ಅದರ ಪಕ್ಕೆಗಳಿಗೆ ಒತ್ತಿಕೊಂಡು, ಅದರ ನೆತ್ತಿಗಿಂತ ಆಳದಲ್ಲಿ, ಹಳೆಯ ಸರೋವರದ ಕೆಸರು ಗಟ್ಟಿಯಾದ ಶೇಲ್ ಪದರಗಳಿವೆ. ಎಣ್ಣೆ ಅಲ್ಲಿ ಬೆಂದು, ಪಕ್ಕಕ್ಕೂ ಮೇಲಕ್ಕೂ ಸರಿದು ಗ್ರಾನೈಟಿನ ಬಿರುಕಿಗೆ ಸೇರಿತು. ಆ ಎಣ್ಣೆಯಲ್ಲಿ ಸರೋವರದ ಪಾಚಿಯ ಗುರುತು ಹೇಳುವ ಅಣುಗಳೂ ಇವೆ. ಯೂಜೀನ್ ಐಲ್ಯಾಂಡ್ ಇನ್ನೂ ಸರಳ: ಕೆಳಗಿನ ಇನ್ನೊಂದು ತೈಲ ಭಂಡಾರದಿಂದ ಸ್ತರಭಂಗದ (ಶಿಲಾಪದರಗಳು ಸೀಳಿ ಸರಿದ ಬಿರುಕಿನ) ಗುಂಟ ಸ್ವಲ್ಪ ಎಣ್ಣೆ ಮೇಲಕ್ಕೆ ಸರಿಯಿತು. ಅದು ಅಕ್ಷಯಪಾತ್ರೆಯಲ್ಲ, ನೆಲದಡಿಯ ಹಗೇವಿನಿಂದ ಅಡುಗೆಮನೆಯ ಡಬ್ಬಿಗೆ ಕಾಳು ತುಂಬಿದಂತೆ.

ಯಾನಾರ್ತಾಶ್‌ನ ಬೆಂಕಿ ನಿಜ. ಆದರೆ ಅಲ್ಲಿನ ಮೀಥೇನ್ ನೂರಾರು ಕಿಲೋಮೀಟರಿನಿಂದ ಬಂದದ್ದಲ್ಲ. ಆಲಿವೀನ್ ಹೆಚ್ಚಾಗಿರುವ ಶಿಲೆ ನೀರನ್ನು ಕುಡಿದು ಸರ್ಪೆಂಟೈನ್ ಎಂಬ ಬೇರೆ ಖನಿಜವಾಗುವಾಗ ಜಲಜನಕ ಹುಟ್ಟುತ್ತದೆ, ಅದು ಇಂಗಾಲದೊಡನೆ ಸೇರಿ ಮೀಥೇನಾಗುತ್ತದೆ. ಇದು ನೆಲದ ಮೇಲ್ಪದರದ ಕೆಲಸ. ಬೆಂಕಿ ಎರಡು ಸಾವಿರ ವರ್ಷ ಉರಿದರೂ ಅದು ಬೆಟ್ಟದ ಮೇಲಿನ ಕೆಲವು ಒಲೆಗಳಷ್ಟೇ. ಇಡೀ ಪ್ರಪಂಚ ಒಂದು ವರ್ಷಕ್ಕೆ ಉರಿಸುವ ನೈಸರ್ಗಿಕ ಅನಿಲ ಸುಮಾರು ನಾಲ್ಕು ಲಕ್ಷ ಕೋಟಿ ಘನಮೀಟರ್. ಜಿನುಗುವುದಕ್ಕೂ ಪೂರೈಸುವುದಕ್ಕೂ ಇರುವ ಅಂತರ ಅದು. ನಮ್ಮ ದೇಶದಲ್ಲಿಯೇ ಹಿಮಾಚಲದ ಜ್ವಾಲಾಮುಖಿ ದೇವಾಲಯದಲ್ಲಿ ಜ್ವಾಲೆ ಕಂಡು, ಒಎನ್‌ಜಿಸಿ ತನ್ನ ಮೊದಮೊದಲ ಶೋಧನಾ ಬಾವಿಯನ್ನು 1957ರಲ್ಲಿ ಅಲ್ಲಿಯೇ ಕೊರೆಯಿತು. ಅನಿಲದ ಸುಳಿವು ಸಿಕ್ಕಿತು, ವ್ಯಾಪಾರಕ್ಕಾಗುವಷ್ಟು ಸಿಗಲಿಲ್ಲ. ಅಲ್ಲಿಯದು ಜಲಜ ಶಿಲೆಯ ಅನಿಲವೇ ಆದ್ದರಿಂದ ಈ ಚರ್ಚೆಗೆ ಸಾಕ್ಷಿಯಲ್ಲ, ಆದರೆ ಜ್ವಾಲೆ ನೋಡಿ ಭಂಡಾರವನ್ನು ಅಳೆಯಬಾರದು ಎಂಬುದಕ್ಕೆ ಉದಾಹರಣೆಯಾದೀತು.

ನನ್ನ ದೃಷ್ಟಿಯಲ್ಲಿ ಈ ವಾದಕ್ಕೆ ಬಿದ್ದ ಗಟ್ಟಿಯಾದ ಪೆಟ್ಟು ಕೆನಡಾದಿಂದ ಬಂತು. ಆಂಟೇರಿಯೊ ಪ್ರಾಂತ್ಯದ ಕಿಡ್ ಕ್ರೀಕ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದ ಪುರಾತನ ಶಿಲೆಯಿಂದ ಹೊರಬರುವ ಅನಿಲವನ್ನು ಟೊರಾಂಟೊ ವಿಶ್ವವಿದ್ಯಾಲಯದ ಬಾರ್ಬರಾ ಶರ್‌ವುಡ್ ಲಾಲರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಇಂಗಾಲದಲ್ಲಿ 12 ತೂಕದ್ದು ಹಗುರ, 13 ತೂಕದ್ದು ಭಾರ. ಜೀವರಾಶಿಯ ದೊಡ್ಡ ಅಣುಗಳು ಬಿಸಿಗೆ ಒಡೆದು ಅನಿಲವಾದಾಗ ಮೀಥೇನಿನಲ್ಲಿ ಹಗುರ ಇಂಗಾಲ ಹೆಚ್ಚು, ಈಥೇನಿನಲ್ಲಿ ಅದಕ್ಕಿಂತ ಕಡಿಮೆ, ಪ್ರೊಪೇನಿನಲ್ಲಿ ಇನ್ನೂ ಕಡಿಮೆ. ಚಿಕ್ಕ ಅಣುಗಳಿಂದ ದೊಡ್ಡವನ್ನು ಕಟ್ಟುತ್ತಾ ಹೋದಾಗ ಈ ಕ್ರಮ ತಿರುಗುಮುರುಗಾಗುತ್ತದೆ, ಕಿಡ್ ಕ್ರೀಕ್‌ನಲ್ಲಿ ಕಂಡದ್ದು ಆ ತಿರುಗುಮುರುಗು. ಅಂದರೆ ಜೀವಿಗಳಿಲ್ಲದೆ ಹುಟ್ಟಿದ ಅನಿಲ ಪ್ರಕೃತಿಯಲ್ಲಿ ಇದೆ, ಅದಕ್ಕೆ ತನ್ನದೇ ಆದ ಬೆರಳಚ್ಚೂ ಇದೆ. ಆ ಬೆರಳಚ್ಚನ್ನು ಹಿಡಿದು ಜಗತ್ತಿನ ವಾಣಿಜ್ಯ ನಿಕ್ಷೇಪಗಳ ಅನಿಲದೊಡನೆ ಹೋಲಿಸಿದಾಗ ಹೊಂದಲಿಲ್ಲ; ಆ ನಿಕ್ಷೇಪಗಳಿಗೆ ಇಂತಹ ಅನಿಲದ ಕೊಡುಗೆ ಗಣನೀಯವಲ್ಲವೆಂದು 2002ರಲ್ಲಿ ಅವರು ಬರೆದರು.

ಕೊನೆಯದಾಗಿ, ಅನಿಲ ತಾನಾಗಿ ಮೇಲೆ ಬರುತ್ತದೆ ಎಂಬ ಮಾತು. ಬರಲಿ. ಬಂದದ್ದು ಐದಾರು ಕಿಲೋಮೀಟರ್ ಆಳದ ರಂಧ್ರಶಿಲೆಯಲ್ಲಿ, ಮುಚ್ಚಳದ ಕೆಳಗೆ ಕೂಡಿಕೊಂಡಿದ್ದರೆ ಎಲ್ಲರೂ ಈಗ ಹುಡುಕುವ ರೀತಿಯಲ್ಲೇ ಅದೂ ಸಿಗುತ್ತದೆ, ಸಿದ್ಧಾಂತದಿಂದ ಹೊಸದೇನೂ ದೊರೆಯಲಿಲ್ಲ. ಬೇರೆಯವರು ನೋಡದ ಜಾಗದಲ್ಲಿ, ಗ್ರಾನೈಟಿನಲ್ಲಿ, ಕೂಡಿರುತ್ತದೆ ಎಂದರೆ ಮಾತ್ರ ಸಿದ್ಧಾಂತಕ್ಕೆ ಬೆಲೆ. ಸಿಲ್ಯಾನಿನಲ್ಲಿ ಪರೀಕ್ಷೆಗೆ ನಿಂತದ್ದು ಅದೇ.

ಉತ್ತರ 5: ಹವಾಮಾನದ ಓದುಗಿ

ಶಿಲೆಯ ಮಾತು ನನಗೆ ಅಷ್ಟು ತಿಳಿಯದು. ಆದರೆ ವಿಡಿಯೊ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಅದು ಹೇಗೆ ಸಿಹಿಸುದ್ದಿಯಾಗುತ್ತದೆ ಎಂಬುದು ನನ್ನ ಪ್ರಶ್ನೆ. ಕಲ್ಲಿನಿಂದ ಹುಟ್ಟಿದ ಮೀಥೇನನ್ನು ಉರಿಸಿದರೂ ಹೊರಬರುವುದು ಅದೇ ಕಾರ್ಬನ್ ಡೈಆಕ್ಸೈಡ್. ಉರಿಯದೆ ಪೈಪಿನ ಸಂದಿನಲ್ಲಿ ಸೋರಿದರೆ, ಇಪ್ಪತ್ತು ವರ್ಷಗಳ ಅವಧಿಯಲ್ಲಿ ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಈಗಾಗಲೇ ಗೊತ್ತಿರುವ ನಿಕ್ಷೇಪಗಳನ್ನೆಲ್ಲ ಉರಿಸಿ ಮುಗಿಸುವ ಸ್ಥಿತಿಯಲ್ಲೇ ವಾತಾವರಣ ಇಲ್ಲದಿರುವಾಗ, ಮುಗಿಯದ ನಿಕ್ಷೇಪವೊಂದು ಸಿಕ್ಕಿ ಏನು ಮಾಡಬೇಕು?

ಮರುಮಾತು: ಪಿಯು ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಬೇರೆ ಮಗ್ಗುಲಿನವರಿಗೆ ವಿಶೇಷವಾಗಿ, ಏಕೆಂದರೆ ನಮ್ಮ ಹುಡುಗಿ ಕೇಳಬಹುದಾಗಿದ್ದ ಅಡ್ಡಪ್ರಶ್ನೆಗಳನ್ನೆಲ್ಲ ಅವರೇ ಕೇಳಿಬಿಟ್ಟರು. ನಿನ್ನೆ ತರಗತಿಯಲ್ಲಿ ಮೊದಲು 54 ಕಿಲೋ ಲೆಕ್ಕ, ಆಮೇಲೆ 500 ಡಿಗ್ರಿಯ ಮಾತು, ಆಮೇಲೆ ಸಿಲ್ಯಾನ್ ಎಂಬ ಕ್ರಮದಲ್ಲಿ ಹೇಳಿದೆ. ಇಂಗಾಲದ ಬೆರಳಚ್ಚಿಗೆ ಮಾತ್ರ ಇನ್ನೊಂದು ಪೀರಿಯಡ್ ಬೇಕು. ಐಸೊಟೋಪ್ ಪಾಠ ಅವರಿಗೆ ಹತ್ತನೇ ತರಗತಿಯ ನಂತರ ಮರೆತುಹೋಗಿದೆ.

ಅವಳು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು. ಮೊದಲನೆಯ ಬಾವಿಯಲ್ಲಿ ಅಷ್ಟು ದುಡ್ಡು ಹೋಗಿ ಏನೂ ಸಿಗದಿದ್ದ ಮೇಲೆ ಪಕ್ಕದಲ್ಲೇ ಎರಡನೆಯದನ್ನು ಏಕೆ ಕೊರೆದರು? ಅವಳ ತಂದೆಗೆ ಚನ್ನಗಿರಿ ಕಡೆ ಅಡಿಕೆ ತೋಟವಿದೆ.

ಉತ್ತರ 6: ರಿಗ್ಗಿನವನು

ಹಾಗಿದ್ದರೆ ಇದಕ್ಕೆ ಉತ್ತರ ನಮಗಿಂತ ಅವಳ ತಂದೆಗೇ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಲಿ. ತೋಟದಲ್ಲಿ ಇದುವರೆಗೆ ಎಷ್ಟು ಬೋರ್ ಕೊರೆಸಿದ್ದಾರೆಂದೂ ಕೇಳಲಿ.